ದಿವಾಳಿ ಅರ್ಜಿಯೂ ಹಗೇವಿನ ಜೋಳವೂ

ಹುಬ್ಬಳ್ಳಿಯ ಹತ್ತಿ ಸಾವುಕಾರರ ಕಡೆಯಿಂದ ಬರುತ್ತಿದ್ದ ವಸೂಲಿಯವರೊಬ್ಬರು ಬೆಳಗಿನ ಪ್ಯಾಸೆಂಜರ್ ಗಾಡಿಗೆ ಅಣ್ಣಿಗೇರಿಯಲ್ಲಿ ಇಳಿದು ಸಂಜೆಯ ಗಾಡಿಗೆ ಮರಳುತ್ತಿದ್ದರು. ನಡುವಿನ ಹೊತ್ತನ್ನೆಲ್ಲ ನಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ಕಳೆಯುತ್ತಿದ್ದರು. ಬೈಯುತ್ತಿರಲಿಲ್ಲ, ದನಿ ಏರಿಸುತ್ತಿರಲಿಲ್ಲ. ಛತ್ರಿಯನ್ನು ಗೋಡೆಗೆ ಆನಿಸಿ, ಟೊಪ್ಪಿಗೆ ತೆಗೆದು ಮೊಣಕಾಲ ಮೇಲಿಟ್ಟು, ಓಣಿಯಲ್ಲಿ ಹೋಗಿಬರುವವರಿಗೆಲ್ಲ ನಮಸ್ಕಾರ ಹೇಳುತ್ತ ಕೂರುತ್ತಿದ್ದರು. ಅದೇ ಅವರ ಕೆಲಸ. ಅವರು ಅಲ್ಲಿ ಕೂತಿದ್ದರೆ ಸಾಕು, ನಮ್ಮ ಅಪ್ಪನ ಸ್ಥಿತಿಯನ್ನು ಊರಿಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ.

“ಎಂ.ಎ. ಬಾಯಾರ, ಒಂದ್ ತಂಬಿಗಿ ನೀರ ಕೊಡ್ರೆಲ,” ಎಂದು ಬಾಗಿಲ ಕಡೆ ಮುಖ ಮಾಡಿ ಕೇಳುತ್ತಿದ್ದರು. ನಾನು ಓದಿದ್ದನ್ನು ಅವರು ಮೊದಲ ದಿನವೇ ಯಾರಿಂದಲೋ ತಿಳಿದುಕೊಂಡಿದ್ದರು.

ನಾನು ಒಳಗೆ ಸುಮ್ಮನೆ ನಿಂತಿದ್ದರೆ ಅವ್ವ ಅಡಿಗೆಮನೆಯಿಂದಲೇ ಕೂಗುತ್ತಿದ್ದಳು: “ಕೊಡವಾ. ನೀರಿನ್ಯಾಗೇನ ಅವರ ಸಾವಕಾರನ ಬಾಕಿ ಐತೇನು?”

ಅಪ್ಪನದು ಅಡತಿ ಅಂಗಡಿ. ರೈತರು ತಂದ ಹತ್ತಿ, ಕಡಲೆ, ಜೋಳವನ್ನು ಪೇಟೆಯಲ್ಲಿ ಮಾರಿಸಿಕೊಟ್ಟು ದಲಾಲಿ ಪಡೆಯುವ ವ್ಯಾಪಾರ. ಹಿಂದಿನ ವರ್ಷ ಅಪ್ಪ ದಲಾಲಿಯಷ್ಟಕ್ಕೇ ನಿಲ್ಲದೆ ತಾನೇ ಹತ್ತಿ ಕೊಂಡು ದಾಸ್ತಾನು ಮಾಡಿದ್ದ. ಬ್ಯಾಂಕಿನ ಸಾಲ, ಹುಬ್ಬಳ್ಳಿಯ ಸಾವುಕಾರರ ಹುಂಡಿ ಎರಡೂ ಅದರಲ್ಲಿ ಸೇರಿದ್ದವು. ದರ ಬಿತ್ತು. ಏರಬಹುದೆಂದು ಕಾದ, ಇನ್ನೂ ಬಿತ್ತು. ಯುಗಾದಿಯ ಹೊತ್ತಿಗೆ ಅಂಗಡಿಗೆ ಬೀಗ ಹಾಕಿ ಮನೆಗೆ ಬಂದವನು ಆಮೇಲೆ ಹೊಸ್ತಿಲು ದಾಟಲಿಲ್ಲ. ಧಾರವಾಡದಲ್ಲಿ ಅರ್ಥಶಾಸ್ತ್ರದ ಎಂ.ಎ. ಮುಗಿಸಿ, ಕಾಲೇಜಿನ ಕೆಲಸದ ಅರ್ಜಿಗಳನ್ನು ಹಾಕಿಕೊಂಡು ಮನೆಯಲ್ಲಿದ್ದ ನನಗೆ ಹೊರಗಿನ ಓಡಾಟವೆಲ್ಲ ಬಂತು. ಅಣ್ಣತಮ್ಮಂದಿರು ನನಗಿಲ್ಲ.

ಬೇಸಿಗೆಯ ಕೊನೆಯಲ್ಲಿ ನವಲಗುಂದದ ಕೋರ್ಟಿನಿಂದ ಬೇಲೀಫರು ಒಂದು ನೋಟೀಸು ತಂದರು. ಹುಬ್ಬಳ್ಳಿಯ ಸಾವುಕಾರರು ಡಿಕ್ರಿ ಪಡೆದು ಅದರ ಜಾರಿಗೆ ದರಖಾಸ್ತು ಹಾಕಿದ್ದರು. ಸಾಲ ತೀರಿಸದ್ದಕ್ಕೆ ನಿಮ್ಮನ್ನು ದಿವಾಣಿ ಜೈಲಿಗೆ, ಅಂದರೆ ಸಿವಿಲ್ ಜೈಲಿಗೆ, ಯಾಕೆ ಹಾಕಬಾರದು, ಬಂದು ಕಾರಣ ಹೇಳಿ ಎಂದು ಅದರಲ್ಲಿತ್ತು. ಅಪ್ಪ ಸಹಿ ಮಾಡಿ, ಬೇಲೀಫರಿಗೆ ಚಹಾ ಕೊಡಿಸಿ, ಅವರು ಹೋದ ಮೇಲೆ ಗೋಡೆಗೆ ಒರಗಿ ಕೂತ. ಕೈಯಲ್ಲಿದ್ದ ಕಾಗದವನ್ನು ಸಣ್ಣದಾಗಿ, ಇನ್ನೂ ಸಣ್ಣದಾಗಿ ಮಡಚುತ್ತಲೇ ಇದ್ದ.

ಧಾರವಾಡದ ವಕೀಲರು ಅಪ್ಪನ ಹಳೆಯ ಪರಿಚಯದವರು. ನೋಟೀಸಿನ ಮಡಿಕೆಗಳನ್ನು ಬಿಡಿಸಿ ಓದಿ, “ಇದಕ್ಕ ಒಂದೇ ದಾರಿ ಅದ, ತಂಗಿ,” ಎಂದರು. “ನಾವೇ ಕೋರ್ಟಿಗೆ ಹೋಗಿ ದಿವಾಳಿ ಅಂತ ಹೇಳಿಕೋಬೇಕು. ಅರ್ಜಿ ದಾಖಲಾದ್ರ ಅಪ್ಪಾಗ ಅಟಕಿನಿಂದ, ಅಂದ್ರ ಬಂಧನದಿಂದ, ರಕ್ಷಣೆ ಕೇಳಬಹುದು. ಆದ್ರ ಆಸ್ತಿ ಎಲ್ಲಾ ಕೋರ್ಟಿನ ರಿಸೀವರ್ ಕೈಗೆ ಹೋಗ್ತದ. ಒಂದು ಚಮಚೆ ಬಚ್ಚಿಟ್ರೂ ರಕ್ಷಣೆ ಹೋತು ಅಂತ ತಿಳೀರಿ.”

ಅರ್ಜಿಗೆ ಎರಡು ಪಟ್ಟಿ ಬೇಕು. ಸಾಲ ಕೊಟ್ಟವರ ಹೆಸರು, ಊರು, ಮೊತ್ತ, ಆಧಾರ ಒಂದರಲ್ಲಿ. ನಮ್ಮ ಸ್ಥಿರ ಚರ ಆಸ್ತಿ ಇನ್ನೊಂದರಲ್ಲಿ. ಸಾಲ ಕೊಟ್ಟವರೆಲ್ಲರಿಗೂ ಒಂದೊಂದು ಪ್ರತಿ ಹೋಗಬೇಕು. ಧಾರವಾಡದ ಕೋರ್ಟಿನ ಆವರಣದಲ್ಲಿ ಬೇವಿನ ಗಿಡದ ಕೆಳಗೆ ಕೂರುತ್ತಿದ್ದ ಟೈಪಿಸ್ಟರು ಕಾರ್ಬನ್ ಹಾಳೆ ತುಂಬ ಸೇರಿಸಿದರೆ ಕೆಳಗಿನ ಪ್ರತಿ ಓದಲು ಬರುವುದಿಲ್ಲವೆಂದು ಎರಡು ಸಲ ಟೈಪು ಮಾಡಿದರು. ಶಿರಸ್ತೇದಾರರು ಸ್ಟಾಂಪು ಕಡಿಮೆಯಿದೆ ಎಂದು ಒಮ್ಮೆ, ಪ್ರತಿ ಪುಟಕ್ಕೂ ಅರ್ಜಿದಾರರ ಸಹಿ ಇಲ್ಲವೆಂದು ಇನ್ನೊಮ್ಮೆ ಮರಳಿಸಿದರು. ಪ್ರತಿ ಸಲವೂ ನಾನು ಅಣ್ಣಿಗೇರಿಗೆ ಬಂದು, ಸಹಿ ಮಾಡಿಸಿಕೊಂಡು, ಮತ್ತೆ ಧಾರವಾಡಕ್ಕೆ ಹೋಗುತ್ತಿದ್ದೆ.

ಆಸ್ತಿಯ ಪಟ್ಟಿಯನ್ನು ಮೊದಲು ನಾನೇ ಕೈಯಿಂದ ಬರೆದೆ. ಕಾನೂನು ಕೆಲವನ್ನು ಬಿಡುತ್ತದೆ: ಉಟ್ಟ ಬಟ್ಟೆ, ಹಾಸಿಗೆ, ಅಡಿಗೆಯ ಪಾತ್ರೆ, ಅವ್ವನ ತಾಳಿ. ತಾಳಿಯನ್ನೂ ಕಾನೂನಿನಲ್ಲಿ ಬರೆದಿದ್ದಾರೆಂದು ಹೇಳಿದಾಗ ಅವ್ವ, “ಅದನ್ನ ಬರದಾವನ ಹೇಣ್ತಿ ಛಲೋ ಇದ್ದಿರಬೇಕ ತಗೋ,” ಎಂದು ನಕ್ಕಳು. ಆ ಬೇಸಿಗೆಯಲ್ಲಿ ಅವಳು ನಕ್ಕಿದ್ದು ನನಗೆ ನೆನಪಿರುವುದು ಅದೊಂದೇ ಸಲ.

ಪಟ್ಟಿಯ ಕೊನೆಯಲ್ಲಿ ಹಗೇವು ಬಂತು. ನಮ್ಮ ಅಂಗಳದಲ್ಲಿ, ಎರೆಮಣ್ಣಿನೊಳಗೆ ಆಳಕ್ಕೆ ತೋಡಿದ ಜೋಳದ ಹಗೇವು ಅಜ್ಜನ ಕಾಲದಿಂದ ಇತ್ತು. ಒಳಗೋಡೆಗೆ ಹುಲ್ಲು ಒತ್ತಿ, ಜೋಳ ಸುರಿದು, ಬಾಯಿಗೆ ಕಲ್ಲುಚಪ್ಪಡಿ ಇಟ್ಟು ಮೇಲೆ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕಾಳು ಕೆಡುವುದಿಲ್ಲ. ಓಣಿಯಲ್ಲಿ ಉಳಿದವರಿಗೆ ಹಗೇವು ಇರಲಿಲ್ಲವಾದ್ದರಿಂದ ಆರು ಮನೆಯವರು ತಮ್ಮ ವರ್ಷದ ಜೋಳವನ್ನು ನಮ್ಮದರಲ್ಲೇ ಹಾಕುತ್ತಿದ್ದರು. ಎಲ್ಲರ ಕಾಳೂ ಒಂದರಲ್ಲೊಂದು ಬೆರೆತು ಹೋಗುತ್ತಿತ್ತು. ಕಾಗದ ಪತ್ರ ಇರಲಿಲ್ಲ. ಬಾಯಿ ಮುಚ್ಚುವ ದಿನ ಎಲ್ಲ ಮನೆಯವರೂ ಸುತ್ತ ನಿಲ್ಲುತ್ತಿದ್ದರು. ಹಗೇವಿನ ಯಜಮಾನ ಇಂಥ ಮನೆಯದು ಇಷ್ಟು ಚೀಲ ಎಂದು ಒಬ್ಬೊಬ್ಬರದನ್ನೇ ಕೂಗಿ ಹೇಳುತ್ತಿದ್ದ. ಆ ಮನೆಯವರು ಹೌದೆಂದು ಚಪ್ಪಡಿಯ ಮೇಲೆ ಒಂದು ಹಿಡಿ ಮಣ್ಣು ಹಾಕುತ್ತಿದ್ದರು. ನಮ್ಮ ಓಣಿಯ ರೂಢಿ ಅಷ್ಟೇ. ಆ ಸುಗ್ಗಿಯಲ್ಲಿ ಅಪ್ಪ ಕೂಗಿದಾಗ ನಾನು ಅವ್ವನ ಪಕ್ಕದಲ್ಲಿ ನಿಂತಿದ್ದೆ.

“ಹಗೇವಿನ್ಯಾಗ ನಮ್ಮದು ಎಷ್ಟ ಬರೀಲೆಪಾ?” ಎಂದು ಕೇಳಿದೆ.

ಅಪ್ಪ ಸೂರು ನೋಡುತ್ತ, “ನಿನಗ ತಿಳಿದಂಗ ಬರಿ,” ಎಂದ.

ಹಗೇವಿನಲ್ಲಿ ನಮ್ಮ ಒಂದು ಪಾಲು, ಉಳಿದದ್ದು ಓಣಿಯ ಆರು ಮನೆಯವರದು ಎಂದು ಬರೆದೆ. ಅಪ್ಪ ಓದಿದ. ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ಓದಿದ. ಸಹಿ ಮಾಡಿದ. ಬರೆದವಳೆಂದು ಕೆಳಗೆ ನಾನೂ ಸಹಿ ಮಾಡಿದೆ.

ಅರ್ಜಿ ದಾಖಲಾಯಿತು. ಅಪ್ಪನಿಗೆ ತಾತ್ಕಾಲಿಕ ರಕ್ಷಣೆ ಸಿಕ್ಕಿತು. ಧಾರವಾಡದ ಹಿರಿಯ ವಕೀಲರೊಬ್ಬರನ್ನು ಕೋರ್ಟು ರಿಸೀವರ್ ಎಂದು ನೇಮಿಸಿತು. ಆ ವಾರ ಮೊದಲ ಬಾರಿಗೆ ಅಪ್ಪ ಅಂಗಳಕ್ಕೆ ಬಂದು ಹಲ್ಲುಜ್ಜಿದ. ಇನ್ನು ಕಷ್ಟವೇನಿದ್ದರೂ ಅದು ಕಾಗದದ ಕಷ್ಟ ಎಂದು ನಾನು ಅಂದುಕೊಂಡೆ.

ಬ್ಯಾಂಕಿನ ಸಾಲ ವಿಭಾಗದ ಅಧಿಕಾರಿ ಮೋಟರ್ ಸೈಕಲ್ ಮೇಲೆ ಬಂದದ್ದು ಅದಾದ ಮೇಲೆ. ನನಗಿಂತ ಸ್ವಲ್ಪ ದೊಡ್ಡ ವಯಸ್ಸಿನವರು, ನಮ್ಮ ಕಡೆಯವರೇ. ಕಟ್ಟೆಯ ಮೇಲೆ ವಸೂಲಿಯವರು ಎಂದಿನಂತೆ ಕೂತಿದ್ದರು. ಅಧಿಕಾರಿ ಬಾಗಿಲಲ್ಲೇ ನಿಂತು, ಕೋರ್ಟಿನಿಂದ ಬಂದ ಪ್ರತಿಯನ್ನು ತೆರೆದು ತೋರಿಸಿದರು.

“ಈ ಪಟ್ಟಿ ನೀವು ಬರದದ್ದೇನ್ರಿ?”

“ಹೌದ್ರಿ.”

“ಹಗೇದಾಗ ಒಂದ ಪಾಲು ಅಂತ ಬರದೀರಿ. ನಿಮ್ಮ ಅಪ್ಪಾರು ನಮಗ ತಿಂಗಳಾ ದಾಸ್ತಾನದ ಲೆಕ್ಕಾ ಕೊಡತಿದ್ರಲ್ರಿ, ಅದರಾಗ ಹಗೇದಾಗಿನ ಜ್ವಾಳ ಪೂರಾ ತಮ್ಮದಂತ ತೋರ್ಸ್ಯಾರ. ಅದರ ಮ್ಯಾಲ ಸಾಲಾ ತಗೊಂಡಾರ. ಎರಡರಾಗ ಯಾವುದ ಖರೇ ಹೇಳ್ರಿ?”

ಲೆಕ್ಕ ತಪ್ಪಾಗಿ ಕೇಳಿಸಿಕೊಂಡೆನೇನೋ ಎಂದು ತಿರುಗಿ ಒಳಗೆ ನೋಡಿದೆ. ಅಪ್ಪ ನಡುಮನೆಯಲ್ಲಿ ಕೂತಿದ್ದವನು ಗೋಡೆಯ ಕಡೆಗೆ ತಿರುಗಿದ್ದ. ಅವನ ಬೆನ್ನು ನೋಡಿದ ಮೇಲೆ ಕೇಳುವುದೇನೂ ಉಳಿಯಲಿಲ್ಲ.

ಕಟ್ಟೆಯ ಮೇಲಿಂದ ವಸೂಲಿಯವರು ಮೆಲ್ಲನೆ, “ಸಾಹೇಬರ, ಓಣ್ಯಾಗ ಇಷ್ಟ ಜೋರ ಮಾತಾಡಬ್ಯಾಡ್ರಿ,” ಎಂದರು. ಆದರೆ ಓಣಿಗೆ ಕೇಳಿಸಿಯಾಗಿತ್ತು.

ವಕೀಲರು ವಿಷಯ ತಿಳಿದಾಗ ಪೆನ್ನು ಕೆಳಗಿಟ್ಟರು. “ಪಟ್ಟಿ ಖರೇ ಅಂದ್ರ ಬ್ಯಾಂಕಿಗೆ ಕೊಟ್ಟದ್ದು ಸುಳ್ಳು. ಅದು ಫಸವಣಿಕೆ, ಮೋಸ ಅಂತ ಆಗ್ತದ, ರಕ್ಷಣೆ ಹೋಗ್ತದ, ಮ್ಯಾಲೆ ಪೋಲೀಸ್ ಕೇಸೂ ಆಗಬಹುದು. ಬ್ಯಾಂಕಿನ ಲೆಕ್ಕ ಖರೇ ಅಂದ್ರ ನಮ್ಮ ಪಟ್ಟಿ ತಪ್ಪು. ತಪ್ಪು ತಿದ್ದಲಿಕ್ಕೆ ಬರ್ತದ. ಜೋಳ ಪೂರಾ ನಮ್ಮದೇ, ಮಗಳು ತಿಳೀದೆ ಬರದಾಳ ಅಂದ್ರ ಮುಗೀತು. ಜೋಳ ಹೋಗ್ತದ, ಅಪ್ಪ ಉಳೀತಾರ.”

“ಆ ಮನೆಯವರು?”

ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. “ನಾನು ನಿಮ್ಮ ವಕೀಲ, ತಂಗಿ. ಅವರ ವಕೀಲ ಅಲ್ಲ.”

ರಿಸೀವರರು ಹಗೇವು ತೆರೆಸಿ, ಅಳೆಸಿ, ಅಲ್ಲಿಯೇ ವಿಚಾರಣೆ ಮಾಡುತ್ತೇವೆಂದು ಕಾಗದ ಕಳಿಸಿದರು. ಆಷಾಢದ ಜಿಟಿಜಿಟಿ ಮಳೆ ಹಿಡಿದಿತ್ತು. ಮಳೆಗಾಲದಲ್ಲಿ ಯಾರೂ ಹಗೇವು ತೆರೆಯುವುದಿಲ್ಲ. ಒಮ್ಮೆ ತೆರೆದರೆ ಪೂರ್ತಿ ತೆಗೆಯಲೇಬೇಕು, ಹಸಿ ಗಾಳಿ ತಾಗಿದ ಕಾಳು ಉಳಿಯುವುದಿಲ್ಲ. ಇದನ್ನು ಬರೆದು ಕಳಿಸಿದೆ. ದಿನಾಂಕ ಬದಲಾಗಲಿಲ್ಲ.

ಆ ದಿನದ ಬೆಳಿಗ್ಗೆ ಅಪ್ಪ ನನ್ನನ್ನು ಹಿತ್ತಲಿಗೆ ಕರೆದ. ಖಾಲಿಯಾಗಿದ್ದ ದನದ ಗ್ವಾದಲಿಯ ಅಂಚಿನ ಮೇಲೆ ಕೂತು, ಪಕ್ಕದಲ್ಲಿ ಕೂರುವಂತೆ ಕೈ ತೋರಿಸಿದ.

“ಸಾಹೇಬರು ಕೇಳಿದ್ರ, ನಾ ಧಾರವಾಡದಾಗ ಓದಾಕತ್ತಿದ್ದೆ, ನನಗೇನ ಗೊತ್ತಿಲ್ರಿ ಅನ್ನು. ಅಷ್ಟ ಸಾಕು.”

“ಮುಚ್ಚಿದ ದಿನಾ ನಾ ಇಲ್ಲೇ ಇದ್ನೆಲ್ಲಪಾ.”

“ಇದ್ದಿ. ಇದ್ದಿದ್ದಿಲ್ಲ ಅನ್ನು.”

“ಅವರೇನ ತಿನ್ನಬೇಕಪಾ ಈ ವರ್ಷ?”

“ನಾ ಅಳದ ಕೊಡ್ತೀನಿ. ಕೂಲಿ ಮಾಡಿ ಕೊಡ್ತೀನಿ. ಯಾರದೂ ತಿನಬೇಕಂತ ಬರದಾವಲ್ಲ ನಾ. ದಾಸ್ತಾನ ಕಡಿಮಿ ಬಿತ್ತು ಅಂತ ಬ್ಯಾಂಕಿನವರು ಅಂದ್ರು, ಒಂದ ತಿಂಗಳಾ ಬರದೆ. ಹತ್ತಿ ಮಾರಿದ ಕೂಡ್ಲೇ ತಗದ ಹಾಕ್ತೀನಿ ಅಂತ ಬರದೆ. ಮುಂದ ತಗ್ಯಾಕ ಆಗಲೇ ಇಲ್ಲ.” ಗ್ವಾದಲಿಯ ಅಂಚನ್ನು ಬೆರಳಿಂದ ಕೆರೆದ. “ನಿನ್ನ ಓದಸಬ್ಯಾಡ ಅಂತ ನಿಮ್ಮ ಕಾಕಾಗೋಳು ಎಷ್ಟ ಜಗಳಾ ತಗದ್ರು. ಆವತ್ತ ನಾ ನಿನ್ನ ಬಾಜೂ ನಿಂತ್ನೆಲ್ಲವಾ. ಇವತ್ತೊಂದ ದಿನಾ ನನ್ನ ಬಾಜೂ ನಿಂದ್ರು.”

ಅಪ್ಪ ಅದುವರೆಗೆ ನನ್ನಲ್ಲಿ ಏನನ್ನೂ ಬೇಡಿರಲಿಲ್ಲ. ನಾನು ಹೂಂ ಎನ್ನಲಿಲ್ಲ, ಒಲ್ಲೆ ಎನ್ನಲೂ ಇಲ್ಲ. ಅಪ್ಪ ನನ್ನ ಮೌನವನ್ನು ಒಪ್ಪಿಗೆ ಎಂದು ತಿಳಿದ. ಎದ್ದು ಹೋಗುವಾಗ ನನ್ನ ತಲೆಯ ಮೇಲೆ ಕೈಯಿಟ್ಟ.

ರಿಸೀವರರು ಬಂದಾಗ ಮಳೆ ಸ್ವಲ್ಪ ಹೊಳವಾಗಿತ್ತು. ಜೊತೆಗೆ ಅವರ ಕಾರಕೂನ, ಬ್ಯಾಂಕಿನ ಅಧಿಕಾರಿ, ಇಬ್ಬರು ಪಂಚರು. ಓಣಿಯವರು ಗೋಡೆಗುಂಟ ನಿಂತಿದ್ದರು. ಮುಂದೆ ಕೂತಿದ್ದವಳು ಹಿಂದಿನ ಮನೆಯ ಕುರಿಯವರ ಅಜ್ಜಿ. ಅವಳ ಮಕ್ಕಳು ಹಿಂಡು ಹೊಡೆದುಕೊಂಡು ಮೂಡಣ ಸೀಮೆಗೆ ಹೋಗಿದ್ದರು. ಮನೆಯಲ್ಲಿ ಸೊಸೆಯಂದಿರು, ಮೊಮ್ಮಕ್ಕಳು ಮತ್ತು ಅವಳು. ಅವರ ಜೋಳವೆಲ್ಲ ಹಗೇವಿನಲ್ಲಿತ್ತು.

ಮಣ್ಣು ಕೆದರಿ, ಹಾರೆ ಹಾಕಿ ಚಪ್ಪಡಿ ಸರಿಸಿದರು. ಒಳಗಿನಿಂದ ಬಿಸಿಯಾದ, ಹುಳಿಹುಳಿಯಾದ ವಾಸನೆ ಎದ್ದಿತು. ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟರು. ಅರ್ಧಕ್ಕೆ ಹೋಗಿ ದೀಪ ಆರಿತು. ವಿಷಗಾಳಿ ಹೋಗುವವರೆಗೆ ಎಲ್ಲರೂ ಕಾದರು. ಬ್ಯಾಂಕಿನ ಅಧಿಕಾರಿ ಗಡಿಯಾರ ನೋಡಿಕೊಂಡು, “ಇನ್ನೂ ಎಷ್ಟ ಹೊತ್ತರಿ?” ಎಂದಾಗ ಪಂಚರಲ್ಲೊಬ್ಬರು, “ಅವಸರ ಇದ್ರ ನೀವ ಇಳೀರಿ ಸಾಹೇಬರ,” ಎಂದರು. ಗೋಡೆಗುಂಟ ಒಂದಿಬ್ಬರು ನಕ್ಕರು. ಮತ್ತೆ ಇಳಿಬಿಟ್ಟಾಗ ದೀಪ ನಿಂತಿತು. ಇಬ್ಬರು ಒಳಗಿಳಿದು ಬುಟ್ಟಿ ತುಂಬಿ ಕೊಡತೊಡಗಿದರು. ನೆಲಕ್ಕೆ ಹಾಸಿದ ತಾಡಪತ್ರಿಯ ಮೇಲೆ ರಾಶಿ ಬೆಳೆಯಿತು. ಗೋಡೆಗೆ ತಾಗಿದ ಕಾಳು ಕಂದಿತ್ತು. ನಡುವಿನದು ಬೆಳ್ಳಗೆ, ಹಾಕಿದ ದಿನದಂತೆಯೇ ಇತ್ತು.

ಅಳತೆ ಮುಗಿಯಿತು. ರಿಸೀವರರು ಕುರ್ಚಿಯಲ್ಲಿ ಕೂತು ಅಪ್ಪನನ್ನು ಕೇಳಿದರು: “ಯಜಮಾನ್ರ, ಈ ಜೋಳ ನಿಮ್ಮದೇನ್ರಿ?”

ಅಪ್ಪ ರಾಶಿಯ ಕಡೆ ನೋಡಿ, “ನನ್ನ ಅಂಗಳದಾಗ ಐತ್ರಿ,” ಎಂದ.

ಅಜ್ಜಿ ಕೂತಲ್ಲಿಂದಲೇ ಮಾತಾಡಿದಳು. “ಅಂಗಳಾ ನಿಂದಪಾ, ಯಾರ ಇಲ್ಲಂದ್ರು? ಜ್ವಾಳ ಯಾರದು, ಅದನ್ನ ಹೇಳು. ನಿನ್ನ ಬಾಯಿಲೇ ಕೂಗಿ ಹೇಳೀದಿ. ನಾ ಮಣ್ಣ ಹಾಕೇನಿ.”

“ಅಜ್ಜಿ, ನಿನ್ನ ಕಡೆ ರಸೀದಿ ಐತೇನು?” ಎಂದರು ಬ್ಯಾಂಕಿನವರು.

“ರಸೀದಿ ಯಾಕೋ ತಮ್ಮಾ? ಅಂವ ನನ್ನ ಕಣ್ಣಮುಂದ ಅಂಬೆಗಾಲ ಇಟ್ಟಾವ.”

ಅಪ್ಪ ನೆಲ ನೋಡುತ್ತಿದ್ದ. ರಿಸೀವರರು ಕಾಗದ ತಿರುವಿ, ನನ್ನ ಕಡೆ ನೋಡಿದರು. “ಪಟ್ಟಿ ಬರದವರು ನೀವು. ಒಂದು ಪಾಲು ಅಂತ ಯಾವ ಆಧಾರದ ಮ್ಯಾಲೆ ಬರದ್ರಿ?”

ತಿಳಿಯದೆ ಬರೆದೆ ಎನ್ನಲು ಒಂದು ಉಸಿರು ಸಾಕಿತ್ತು. ಅಪ್ಪ ಈಗ ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದ. ಆ ನೋಟದಲ್ಲಿ ಭಯವಿರಲಿಲ್ಲ, ನಂಬಿಕೆಯಿತ್ತು. ಇಷ್ಟು ವರ್ಷಗಳ ಮೇಲೂ ಅದನ್ನು ಬೇರೆ ಮಾತಿನಲ್ಲಿ ಹೇಳಲು ನನಗೆ ಬರುವುದಿಲ್ಲ.

“ಹಗೇವು ಮುಚ್ಚಿದ ದಿನಾ ನಾ ಇಲ್ಲೇ ಇದ್ದೆರಿ,” ಎಂದೆ. “ಅಪ್ಪ ಕೂಗಿ ಹೇಳಿದ್ದು ಕೇಳೀನಿ.”

ಆಮೇಲೆ ಅಪ್ಪ ಕೂಗಿದ ಅನುಕ್ರಮದಲ್ಲೇ, ಮೊದಲು ಕುರಿಯವರ ಮನೆ, ಕೊನೆಗೆ ನಮ್ಮದು, ಯಾರದು ಎಷ್ಟು ಎಂದು ಹೇಳಿದೆ. ಕಾರಕೂನರು ಬರೆದುಕೊಂಡರು. ಒಟ್ಟು ಕೂಡಿಸಿದರು. ಗೋಡೆಗೆ ತಾಗಿ ಕೆಟ್ಟದ್ದನ್ನು ಬಿಟ್ಟರೆ ರಾಶಿಯ ಅಳತೆಗೆ ಸರಿಹೋಯಿತು. ಹೇಳಿಕೆಯನ್ನು ಓದಿ ಹೇಳಿದರು. ನಾನು ಸಹಿ ಮಾಡಿದೆ.

ಅಪ್ಪ ಎದ್ದು, ಗೋಡೆಗುಂಟ ನಿಂತವರ ನಡುವೆ ದಾರಿ ಮಾಡಿಕೊಂಡು ಒಳಗೆ ಹೋದ. ಅಜ್ಜಿ ಅವನ ಧೋತರದ ಅಂಚು ಹಿಡಿಯಲು ಕೈ ಚಾಚಿದಳು, ಸಿಗಲಿಲ್ಲ.

ಕೋರ್ಟಿನ ಹುಕುಂ ಬರುವ ತನಕ ಜೋಳವನ್ನು ಚೀಲ ಕಟ್ಟಿ, ಅರಗಿನ ಮುದ್ರೆ ಒತ್ತಿ, ಚಾವಡಿಯಲ್ಲಿಟ್ಟರು. ಚಾವಡಿಯ ಸೂರು ಒಂದು ಮೂಲೆಯಲ್ಲಿ ಸೋರುತ್ತಿತ್ತು. ಆ ಮೂಲೆಯಿಂದ ಚೀಲ ಸರಿಸಲು ಅಪ್ಪಣೆ ಬೇಡಿ ನಾನು ಧಾರವಾಡಕ್ಕೆ ಎರಡು ಸಲ ಹೋದೆ. ಮುದ್ರೆಯಾದ ವಸ್ತುವನ್ನು ಮುಟ್ಟಬೇಕಾದರೆ ರಿಸೀವರರೇ ಬರಬೇಕು, ಅವರಿಗೆ ಬೇರೆ ಕೋರ್ಟಿನಲ್ಲಿ ಕೆಲಸ. ಶ್ರಾವಣ ಬಂತು. ಚಾವಡಿಯ ಮುಂದೆ ಹೋದರೆ ಮುಗ್ಗಲು ವಾಸನೆ ಬರುತ್ತಿತ್ತು. ಅಜ್ಜಿಯ ಸೊಸೆಯಂದಿರು ಮೊರಬದ ತವರಿನಿಂದ ಜೋಳ ತಂದು ರೊಟ್ಟಿ ಬಡಿಯುತ್ತಿದ್ದರು. ನಮ್ಮ ಪಾಲೂ ಮುದ್ರೆಯೊಳಗೇ ಇದ್ದುದರಿಂದ ನಾವು ರೇಷನ್ ಅಂಗಡಿಯ ಅಕ್ಕಿ ತಿನ್ನುತ್ತಿದ್ದೆವು.

ಅಪ್ಪ ನನ್ನನ್ನು ಬೈಯಲಿಲ್ಲ. ನನ್ನ ಜೊತೆ ಮಾತಾಡುವುದನ್ನು ನಿಲ್ಲಿಸಿದ, ಅಷ್ಟೇ. ನಾನು ಎದುರಿಗೇ ಕೂತಿದ್ದರೂ ಅವ್ವನ ಕಡೆ ತಿರುಗಿ, “ವಕೀಲರ ಕಾರ್ಡ ಬಂದೈತಂತ ಅಕೀಗೆ ಹೇಳು,” ಎನ್ನುತ್ತಿದ್ದ. ಅವ್ವ ಮೊದಮೊದಲು, “ಅಲ್ಲೇ ಕುಂತಾಳಲ್ರಿ, ನೀವ ಹೇಳ್ರಿ,” ಎಂದು ಗದರಿದಳು. ಕೊನೆಗೆ ಅವಳೂ ಸೋತು ನನಗೆ ತಲುಪಿಸತೊಡಗಿದಳು.

ಅವನ ಮಾತು ಪೂರ್ತಿ ಬತ್ತಿರಲಿಲ್ಲ. ಮಧ್ಯಾಹ್ನ ಎದ್ದು ಕಟ್ಟೆಗೆ ಬಂದು, ವಸೂಲಿಯವರ ಪಕ್ಕದಲ್ಲಿ ಕೂತು ಹುಬ್ಬಳ್ಳಿಯ ಹತ್ತಿ ಪೇಟೆಯ ಸುದ್ದಿ ಕೇಳುತ್ತಿದ್ದ. ಇಬ್ಬರೂ ಎಲೆಯಡಿಕೆ ಹಂಚಿಕೊಳ್ಳುತ್ತಿದ್ದರು. ಒಳಗಿನಿಂದ ಅಪ್ಪನ ದನಿ ಕೇಳಲೆಂದೇ ನಾನು ಕಿಟಕಿಯ ಹತ್ತಿರ ಕೆಲಸ ಹಚ್ಚಿಕೊಂಡು ಕೂರುತ್ತಿದ್ದೆ.

ಒಂದು ದಿನ ನೀರು ಕೊಡಲು ಹೋದಾಗ ವಸೂಲಿಯವರು ತಗ್ಗಿದ ದನಿಯಲ್ಲಿ, “ಬಾಯಾರ, ಭಾಳ ಮಂದಿ ಕಟ್ಟಿ ಕಾದೀನ್ರಿ ನಾ,” ಎಂದರು. “ಸುಳ್ಳ ಹೇಳಿ ಪಾರಾದ ಮನಿ ನೋಡೀನಿ. ಖರೇ ಹೇಳಿ ಹಿಂಗ ಒಬ್ರಿಗೊಬ್ರು ಮಾರಿ ತಪ್ಪಿಸಿ ಅಡ್ಡಾಡೂ ಮನಿ ಇದ ಮೊದಲನೇದು.” ತಂಬಿಗೆ ಮರಳಿಸಿ ಬೇರೆ ಕಡೆ ನೋಡಿದರು.

ಬ್ಯಾಂಕಿನವರು ತಕರಾರು ಹಾಕಿದರು. ಸುಳ್ಳು ಲೆಕ್ಕ ಕೊಟ್ಟ ಅರ್ಜಿದಾರನಿಗೆ ರಕ್ಷಣೆ ಬೇಡ, ಇಲ್ಲವೇ ಜೋಳ ಪೂರಾ ನಮಗೆ ಸೇರಬೇಕು ಎಂದು ಅದರಲ್ಲಿತ್ತು. ವಿಚಾರಣೆಯ ಬೆಳಿಗ್ಗೆ ಅಪ್ಪ ಕೋಟು, ರುಮಾಲು ತೊಟ್ಟು ಬಂದಿದ್ದ. ಕೋರ್ಟಿನ ಪಡಸಾಲೆಯಲ್ಲಿ ವಕೀಲರು ಅವನನ್ನು ಬದಿಗೆ ಕರೆದು ಕೊನೆಯ ಉಪಾಯ ಹೇಳಿದರು. ನಾನು ಹತ್ತಿರವೇ ಇದ್ದೆ.

“ಆ ಆರು ಮನೆಯವರು ನಿಮಗ ಹಿಂದಿನ ಬಾಕಿ ಕೊಡಬೇಕಿತ್ತು, ಅದಕ್ಕ ಪ್ರತಿಯಾಗಿ ಜೋಳ ಹಾಕಿದ್ರು, ಅದಕ್ಕೇ ನಿಮ್ಮದಂತ ತೋರಿಸಿದ್ರಿ. ಇಷ್ಟು ಹೇಳ್ರಿ. ಅವರ ಕಡೆ ಕಾಗದ ಇಲ್ಲ, ನಿಮ್ಮ ಮಾತು ನಿಂದ್ರತದ.”

“ಮಗಳ ಹೇಳಿಕಿ ಏನ ಮಾಡೂದ್ರಿ?”

“ಹುಡುಗಿ. ವ್ಯವಹಾರ ತಿಳಿಯೂದಿಲ್ಲ ಅಂತ ಆಗ್ತದ.”

ಅಪ್ಪ ತಲೆಯಾಡಿಸಿದ. ಹೇಳುತ್ತಾನೆಂದೇ ನಾನು ನಂಬಿದೆ. ಹೇಳಲಿ ಎಂದೂ ನನ್ನ ಒಂದು ಮನಸ್ಸು ಬಯಸಿತು. ಅದನ್ನು ಯಾರಿಗೂ ತಿಳಿಸಿಲ್ಲ.

ಅಪ್ಪ ಕಟಕಟೆಗೆ ಹೋಗಿ ಪ್ರಮಾಣ ಮಾಡಿದ. ಬ್ಯಾಂಕಿನ ವಕೀಲರು ಎರಡೂ ಕಾಗದ ತೋರಿಸಿ, ನಿಮ್ಮ ಮಗಳ ಹೇಳಿಕೆ ನಿಜವೋ, ನೀವು ನಮಗೆ ಕೊಟ್ಟ ಲೆಕ್ಕ ನಿಜವೋ ಎಂದು ಕೇಳಿದರು. ನಮ್ಮ ವಕೀಲರು ಮುಂದಕ್ಕೆ ಬಾಗಿ ಕೂತರು. ಅಪ್ಪ ರುಮಾಲು ಸರಿಮಾಡಿಕೊಂಡ.

“ಅಕಿ ಹೇಳಿದ್ದು ಖರೇ ಐತ್ರಿ,” ಎಂದ. “ನಾ ಬರದ ಕೊಟ್ಟದ್ದು ಸುಳ್ಳ.”

“ಆ ಮನೆಯವರ ಕಡೆಯಿಂದ ನಿಮಗೆ ಬಾಕಿ ಇತ್ತೇ?” ಎಂದು ನ್ಯಾಯಾಧೀಶರೇ ಕೇಳಿದರು.

“ಒಂದ ಪೈಸಾ ಇಲ್ರಿ.”

ನ್ಯಾಯಾಧೀಶರು ಸ್ಟೆನೋಗೆ ಇಂಗ್ಲಿಷಿನಲ್ಲಿ ಹೇಳಿ ಬರೆಸಿದರು. ಆರು ಮನೆಯವರ ಜೋಳವನ್ನು ಆಸ್ತಿಯಿಂದ ಬಿಡಬೇಕು. ಅರ್ಜಿದಾರನ ರಕ್ಷಣೆ ರದ್ದು. ಅಪ್ಪನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಕೆಳಗಿಳಿದು ಬಂದವನು ಏನಾಯಿತೆಂದು ವಕೀಲರನ್ನು ಕೇಳಿದ, ನನ್ನನ್ನಲ್ಲ.

ಮುಂದಿನ ದಿನಗಳಲ್ಲಿ ಮುದ್ರೆ ಒಡೆದು ಜೋಳ ಹಂಚಿದಾಗ ಅದರಲ್ಲಿ ಎಷ್ಟೋ ಪಾಲು ಮುಗ್ಗಿ ದನಕ್ಕೂ ಬಾರದಂತಾಗಿತ್ತು. ಬ್ಯಾಂಕಿನವರು ಪೋಲೀಸ್ ಫಿರ್ಯಾದಿ ಕೊಡಲಿಲ್ಲ. ಹಗೇವನ್ನು ಒಮ್ಮೆಯೂ ಬಂದು ನೋಡದೆ ಸಾಲ ಕೊಟ್ಟದ್ದಕ್ಕೆ ಅವರೂ ಉತ್ತರ ಹೇಳಬೇಕಾಗುತ್ತಿತ್ತು. ಆದರೆ ಕೋರ್ಟಿನ ಮೆಟ್ಟಿಲು ಇಳಿಯುವಾಗ ಇದೊಂದೂ ನಮಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟೇ: ಹುಬ್ಬಳ್ಳಿಯ ಸಾವುಕಾರರು ಇನ್ನು ಬಯಸಿದ ದಿನ ಅಪ್ಪನನ್ನು ಹಿಡಿಸಬಹುದು.

ಅವರ ವಸೂಲಿಯವರು ಗೇಟಿನಲ್ಲಿ ಛತ್ರಿ ಹಿಡಿದು ನಿಂತಿದ್ದರು. ನಾನು ಹತ್ತಿರ ಹೋಗಿ, “ವಾರಂಟ್ ತಗಸ್ತೀರೇನ್ರಿ?” ಎಂದು ಕೇಳಿಯೇಬಿಟ್ಟೆ.

“ತಗಸಬಹುದ್ರಿ,” ಎಂದರು. “ಆದ್ರ ದಿವಾಣಿ ಜೈಲಿನ್ಯಾಗ ಹಾಕಿಸಿದ್ರ ನಿಮ್ಮ ಅಪ್ಪಾರ ಊಟದ ಭತ್ತೆ ನಮ್ಮ ಸಾವಕಾರನ ಕಟ್ಟಬೇಕು. ಕಾಯ್ದೇನ ಹಂಗ ಐತಿ. ಅಂವ ನನಗ ಇಷ್ಟ ವರ್ಷದಾಗ ಒಂದ ಕಪ್ ಚಾ ಕುಡಿಸಿಲ್ಲ, ಇವರಿಗೆ ದಿನಾ ಊಟಾ ಹಾಕ್ತಾನೇನ್ರಿ?” ಆಮೇಲೆ ಅಪ್ಪನ ಭುಜ ಮುಟ್ಟಿ, “ನಡೀರಿ ಸಾವಕಾರ್ರ, ಚಾ ಕುಡಿಯೂಣು. ರೊಕ್ಕ ನಂದ,” ಎಂದರು. ಅಪ್ಪ ಸಣ್ಣಗೆ ನಕ್ಕ. ಇಬ್ಬರೂ ಚಹಾದ ಕೈಗಾಡಿಯ ಹತ್ತಿರ ನಿಂತು ಕುಡಿದರು. ನನಗೊಂದು ಕಪ್ಪು ಅವರೇ ತಂದುಕೊಟ್ಟರು.

ಧಾರವಾಡದಿಂದ ಜೊತೆಗೇ ಬಸ್ಸಿನಲ್ಲಿ ಬಂದ ವಸೂಲಿಯವರು ಹುಬ್ಬಳ್ಳಿಯಲ್ಲಿ ಇಳಿದರು. ಗದಗಿನ ಬಸ್ಸಿಗೆ ನಾವು ಬದಲಾಯಿಸಿದಾಗ ಅದು ತುಂಬಿತ್ತು. ಅಪ್ಪನ ಪಕ್ಕದಲ್ಲಿ ಮಾತ್ರ ಜಾಗವಿತ್ತು. ಅವನ ಎಡಗಡೆ ಕೂತೆ. ಅಪ್ಪ ಕಿಟಕಿಯ ಕಡೆ ಸರಿದು ಧೋತರವನ್ನು ತನ್ನತ್ತ ಎಳೆದುಕೊಂಡ. ಒಂದು ಮಾತು ಹೇಳಬೇಕೆಂದು ಬಹಳ ಹೊತ್ತು ಹವಣಿಸಿದೆ. ನೀನು ನಿಜ ಹೇಳಿದೆ ಎಂದೋ, ನನ್ನಿಂದ ಹೀಗಾಯಿತು ಎಂದೋ. ಎರಡರಲ್ಲಿ ಯಾವುದನ್ನು ಹೇಳಿದರೂ ಇನ್ನೊಂದು ಸುಳ್ಳಾಗುತ್ತಿತ್ತು.

ಕಂಡಕ್ಟರ್ ಬಂದು, “ಎಲ್ಲಿಗ್ರಿ ಯಜಮಾನ್ರ?” ಎಂದ.

ಅಪ್ಪ ಕೋಟಿನ ಕಿಸೆಯಿಂದ ಚಿಲ್ಲರೆ ತೆಗೆದು, ಅಂಗೈ ಮೇಲೆ ಹರಡಿ, ಆರಿಸಿ ಕೊಟ್ಟ.

“ಅಣ್ಣಿಗೇರಿ,” ಎಂದ. “ಒಂದು.”

ಕಂಡಕ್ಟರ್ ನಮ್ಮಿಬ್ಬರ ಮುಖ ನೋಡಿದ. ಟಿಕೇಟು ಹರಿದು ಅಪ್ಪನಿಗೆ ಕೊಟ್ಟು ನನ್ನ ಕಡೆ ತಿರುಗಿದ. “ಅಕ್ಕಾರ, ನಿಮ್ದ್ರಿ?”

ನಾನು ಚೀಲದಲ್ಲಿ ಕೈ ಹಾಕಿದೆ.

“ಅಣ್ಣಿಗೇರಿ,” ಎಂದೆ. “ಒಂದು.”